ಗುಂಡಮ್ಮನ ಮಧ್ಯಾಹ್ನದ ನಿದ್ದೆ

ಬೇಕರಿಯವನ ಮಗಳಿಗೆ ಒಂಬತ್ತು ತಿಂಗಳು. ಕೆನ್ನೆ ಉಬ್ಬಿಸಿಕೊಂಡೇ ಹುಟ್ಟಿದ್ದರಿಂದ ಮನೆಯವರ ಬಾಯಲ್ಲಿ ಅವಳು ಗುಂಡಮ್ಮ. ಅಪ್ಪ ನಸುಕಿಗೇ ಹೋಗಿ ಹಿಟ್ಟು ನಾದಿ, ಬ್ರೆಡ್ ಬೇಯಿಸಿ, ಹನ್ನೆರಡಕ್ಕೆ ಮನೆ ಸೇರುತ್ತಿದ್ದ. ಅವನು ಒಳಗೆ ಕಾಲಿಟ್ಟಿದ್ದೇ ತಡ, ಹೆಂಡತಿ ಮಗುವನ್ನು ಅವನ ಕೈಗಿತ್ತು ಕನ್ನಡಕದ ಅಂಗಡಿಯ ಕೆಲಸಕ್ಕೆ ಓಡುತ್ತಿದ್ದಳು. ಒಂದು ಗಂಟೆಗೆ ಗುಂಡಮ್ಮ ಕಂಬಿ ಕಟ್ಟಿದ ಪುಟ್ಟ ಮಂಚದಲ್ಲಿ, ಅಪ್ಪ ಪಕ್ಕದ ಕೋಣೆಯ ಚಾಪೆಯಲ್ಲಿ. ಮೂರರವರೆಗೆ ಇಬ್ಬರಿಗೂ ಜಗತ್ತಿನ ಪರಿವೆಯಿಲ್ಲ.

ಒಂದು ಸೋಮವಾರದಿಂದ ಎಲ್ಲ ತಲೆಕೆಳಗಾಯಿತು. ಮಲಗಿಸಿ ಹತ್ತು ನಿಮಿಷವಾಗುವಷ್ಟರಲ್ಲಿ ಚೀರಾಟ. ಹೋಗಿ ನೋಡಿದರೆ ಕಂಬಿ ಹಿಡಿದು ನಿಂತು ಸತ್ಯಾಗ್ರಹ ಹೂಡಿದ್ದಾಳೆ. ಎತ್ತಿಕೊಂಡರೆ ಸುಮ್ಮನಾಗುತ್ತಾಳೆ, ಮಲಗಿಸಿದರೆ ಮತ್ತೆ ಅದೇ ರಾಗ. ಆಮೇಲೆ ಸಂಜೆಯವರೆಗೂ ಚಮಚ ಕೊಟ್ಟರೆ ಎಸೆಯುತ್ತಾಳೆ, ಕೊಡದಿದ್ದರೆ ಅಳುತ್ತಾಳೆ.

"ಹಲ್ಲು ಬರ್ತಿರಬೇಕು, ಅಳಿಯಂದಿರೇ," ಎಂದರು ಅತ್ತೆ ಫೋನಿನಲ್ಲಿ. ಒಸಡು ಸವರಿ ನೋಡಿದ, ಏನೂ ಇರಲಿಲ್ಲ. ಮಗುವಿಗೆ ತಾನೇ ಆಗಿಬರುತ್ತಿಲ್ಲವೇನೋ, ಮೈಗಂಟಿದ ಈಸ್ಟಿನ ವಾಸನೆಯೇ ಬೇಡವಾಗಿದೆಯೇನೋ ಎಂದುಕೊಂಡು ದಿನಕ್ಕೆರಡು ಸಲ ಸ್ನಾನ ಮಾಡತೊಡಗಿದ. ಯಾರಿಗೂ ಹೇಳಲಿಲ್ಲ. ನಿದ್ದೆಗೆಟ್ಟು ಬೇಕರಿಯಲ್ಲಿ ಉಪ್ಪು ಹಾಕದೆಯೇ ಒಂದು ಕೊಪ್ಪರಿಗೆಯಷ್ಟು ಹಿಟ್ಟು ಕಲಸಿಟ್ಟು ಮಾಲೀಕರಿಂದ ಮಂಗಳಾರತಿಯೂ ಆಯಿತು.

ಎರಡನೇ ವಾರ ಒಂದು ಮಧ್ಯಾಹ್ನ ಅಳು ಕೇಳಿದಾಗ ಅವನು ಹಾಲಿನ ಬಾಟಲಿ ತೊಳೆಯುತ್ತಿದ್ದ. ಕೈತುಂಬ ಸೋಪು. ಎತ್ತಿಕೊಳ್ಳಲಾಗದೆ ಬಾಗಿಲಲ್ಲೇ ನಿಂತ. ಗುಂಡಮ್ಮನ ಕಣ್ಣು ಮುಚ್ಚಿಹೋಗುತ್ತಿತ್ತು, ತಲೆ ತೂಗುತ್ತಿತ್ತು. ಮೊಣಕಾಲು ಚೂರು ಬಾಗಿದ್ದೇ ಬೆಚ್ಚಿಬಿದ್ದು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಅತ್ತಳು. ಮತ್ತೆ ತೂಕಡಿಕೆ, ಮತ್ತೆ ಗಾಬರಿ.

ಅವನು ಕೈಯನ್ನು ಅಂಗಿಗೇ ಒರೆಸಿಕೊಂಡು ಹೋಗಿ, ಅವಳ ಮೊಣಕಾಲನ್ನು ಮೆಲ್ಲಗೆ ಮಡಿಸಿ ಕೂರಿಸಿ, ಪಕ್ಕಕ್ಕೆ ಒರಗಿಸಿದ. ಕ್ಷಣದಲ್ಲಿ ನಿದ್ದೆ.

ಸಂಜೆ ಹೆಂಡತಿಗೆ ಹೇಳಿದ: "ಹಟ ಅಲ್ಲ ಕಣೇ ಅದು. ನಿಂತ್ಕೊಳ್ಳೋದು ಕಲ್ತಿದಾಳೆ, ನಿಂತಲ್ಲಿಂದ ಕೂತ್ಕೊಳ್ಳೋದು ಇನ್ನೂ ಗೊತ್ತಿಲ್ಲ."

ಅವಳು ಚೀಲವನ್ನು ಹೆಗಲಿಂದ ಇಳಿಸದೆಯೇ ನಿಂತಳು. "ನಾನು ಕೆಲಸಕ್ಕೆ ಹೋಗೋದಕ್ಕೇ ಹೀಗಾಗ್ತಿದೆ ಅಂದ್ಕೊಂಡಿದ್ದೆ ರೀ. ಬಿಟ್ಟುಬಿಡೋಣ ಅಂತ ದಿನಾ ಅನ್ನಿಸ್ತಿತ್ತು."

"ನನಗೆ ಹೇಳ್ಬಾರದಿತ್ತಾ?"

"ನಿಮಗೇನೂ ಅನ್ನಿಸ್ಲಿಲ್ವಾ?"

ಅವನು ತಡವರಿಸುತ್ತ ಸ್ನಾನದ ಕತೆ ಹೇಳಿದ. ಅವಳು ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು. "ಅವಳು ನಿಮ್ಮನ್ನ ನೋಡಿದ್ರೆ ಸಾಕು, ನನ್ನ ಮರೀತಾಳೆ. ವಾಸನೆ ಅಂತೆ."

ಅಂದಿನಿಂದ ಪಾಠ ಶುರು. ಕುರ್ಚಿ ಹಿಡಿಸಿ ನಿಲ್ಲಿಸುವುದು, ಕಾಲ ಬಳಿ ಗಿಲಕಿ ಇಡುವುದು, ಬಗ್ಗಿದಾಗ ಮೊಣಕಾಲು ಮಡಿಸಿಕೊಡುವುದು. ಎರಡು ಸಲ ದೊಪ್ಪೆಂದು ಬಿದ್ದಳು. ಎಂಟನೇ ದಿನ ತಾನಾಗಿಯೇ ಕೂತಳು. ತನಗೇ ನಂಬಿಕೆ ಬಾರದವಳಂತೆ ಎದ್ದು ಇನ್ನೊಮ್ಮೆ ಕೂತಳು.

ಎರಡು ಗಂಟೆಯ ನಿದ್ದೆ ಮಾತ್ರ ಮರಳಲಿಲ್ಲ. ಒಂದೂಕಾಲು ಗಂಟೆ ಕಳೆಯುವಷ್ಟರಲ್ಲಿ ಎಚ್ಚರ. ಆದರೆ ಅಳುವಿಲ್ಲ. ಪಕ್ಕದ ಕೋಣೆಯಿಂದ ಅವಳ ತೊದಲು ಮಾತು ಕೇಳುತ್ತದೆ. ಬೇಕರಿಯವನು ಇನ್ನೈದು ನಿಮಿಷ ಕಣ್ಣು ಮುಚ್ಚಿಕೊಂಡೇ ಕೇಳುತ್ತ ಮಲಗಿರುತ್ತಾನೆ.