ಸಮುದ್ರದಿಂದ ಎದ್ದ ದಿನವೇ ವಿಮಾನವೇ?

ಭದ್ರಾವತಿ ಓಲ್ಡ್ ಟೌನ್‌ನಲ್ಲಿ ಪೇಂಟ್ ಅಂಗಡಿ ರುದ್ರೇಶ ಎಂದರೆ ಗೊತ್ತಿಲ್ಲದವರಿಲ್ಲ. ಹೊಸ ಮನೆ ಕಟ್ಟಿದವರು, ಮದುವೆಗೆಂದು ಮನೆಗೆ ಸುಣ್ಣಬಣ್ಣ ಮಾಡಿಸುವವರು ಅವನ ಅಂಗಡಿಗೇ ಬರುತ್ತಾರೆ. ಗಟ್ಟಿ ಆಳು. ಒಂದೊಂದು ಕೈಯಲ್ಲಿ ಒಂದೊಂದು ದೊಡ್ಡ ಡಬ್ಬ ಹಿಡಿದು ಗೋಡೌನಿನಿಂದ ಬೀಸುಗಾಲು ಹಾಕಿಕೊಂಡು ಬರುತ್ತಿದ್ದವನು. ಅಂಥವನು 2007ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಸ್ವಂತ ಮನೆಯ ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋದ.

"ಅಂಡಮಾನಿಗೆ ಹೋಗಿ ಬಂದು ಸೊಂಟ ಹಿಡ್ಕೊಂಡಿದೆಯಂತೆ" ಎಂದು ಬಜಾರಿನಲ್ಲಿ ಜನ ನಕ್ಕರು. ನಗುವಂಥದ್ದು ಏನೂ ನಡೆದಿರಲಿಲ್ಲ.

ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳನ್ನು ಪೇಂಟ್ ಕಂಪನಿ ಪ್ರತಿವರ್ಷ ಟೂರಿಗೆ ಕರೆದುಕೊಂಡು ಹೋಗುತ್ತದೆ. ಆ ವರ್ಷ ಅಂಡಮಾನ್, ಹೆಂಡತಿಯ ಜೊತೆಗೆ. ಕಂಪನಿಯ ಏರಿಯಾ ಮ್ಯಾನೇಜರ್ ತ್ರಿವಿಕ್ರಮ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಅಂಗಡಿಗೇ ಬಂದಿದ್ದ.

"ದ್ವೀಪದ ರಿಸಾರ್ಟು ಸರ್. ಸ್ಕೂಬಾ ಡೈವಿಂಗ್ ಇದೆ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಸಮುದ್ರದೊಳಗೆ ಇಳಿಯೋದು. ಮೀನು ನಿಮ್ಮ ಮೂಗಿನ ಮುಂದೇನೇ ಓಡಾಡ್ತವೆ."

"ಭದ್ರಾ ಹೊಳೇಲಿ ಈಜಾಡಿ ಬೆಳೆದೋನು ನಾನು. ಆದ್ರೆ ನೀರೊಳಗೆ ಉಸಿರಾಡೋದು ಅಂದ್ರೆ ಹೆಂಗಪ್ಪ?"

"ಟ್ರೈನರ್ ಪಕ್ಕದಲ್ಲೇ ಇರ್ತಾನೆ ಸರ್. ಚಿಂತೆ ಬಿಡಿ."

ರಿಸಾರ್ಟಿಗೆ ಹೋದ ಮೊದಲ ದಿನವೇ ಎಲ್ಲರಿಗೂ ಒಂದು ಫಾರಂ ಕೊಟ್ಟರು. ಉಬ್ಬಸ ಇದೆಯೇ, ಹೃದಯದ ತೊಂದರೆ ಇದೆಯೇ, ಕಿವಿ ಸೋರುತ್ತದೆಯೇ ಎಂದು ಕೇಳಿದ್ದರು. ರುದ್ರೇಶನ ಹೆಂಡತಿ ತನುಜಾಳಿಗೆ ಚಿಕ್ಕಂದಿನಿಂದ ಒಂದು ಕಿವಿ ಸೋರುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದಳು. ಟ್ರೈನರ್ ಅವಳನ್ನು ನೀರಿಗೆ ಇಳಿಸಲಿಲ್ಲ.

"ಇಲ್ಲ ಅಂತ ಟಿಕ್ ಹಾಕಿದ್ರೆ ಆಗಿರೋದು ಮೇಡಂ. ಸುಮ್ನೆ ಒಂದು ಚಾನ್ಸ್ ಕಳ್ಕೊಂಡ್ರಿ" ಎಂದ ತ್ರಿವಿಕ್ರಮ. ಉಳಿದವರೂ ನಕ್ಕರು. ತನುಜಾಳಿಗೆ ಮುಜುಗರವಾಯಿತು.

ರುದ್ರೇಶ ನೀರಿಗಿಳಿದ. ಮೇಲೆ ಬಂದಾಗ ಅವನ ಕಣ್ಣುಗಳು ಅರಳಿದ್ದವು. "ಅಲ್ಲಿ ನೋಡ್ಬೇಕು ತನು, ಹವಳದ ಗಿಡ, ಅದರ ಸಂದೀಲಿ ಅರಿಸಿನ ಬಣ್ಣದ ಮೀನು. ನಮ್ಮ ಶೇಡ್ ಕಾರ್ಡಲ್ಲೂ ಅಂಥ ಬಣ್ಣ ಇಲ್ಲ ಕಣೆ" ಎಂದ. ಮಾರನೇ ದಿನವೂ ಇಳಿದ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಹೊರಡುವ ದಿನ ಬೆಳಿಗ್ಗೆ ತ್ರಿವಿಕ್ರಮ ರೂಮಿನ ಬಾಗಿಲು ತಟ್ಟಿದ. ಕೈಯಲ್ಲಿ ಕಂಪನಿಯ ಬ್ಯಾನರ್ ಇತ್ತು.

"ರುದ್ರೇಶ್ ಸರ್, ಜಿಲ್ಲೆಗೇ ನಂಬರ್ ಒನ್ ನೀವು. ಸಮುದ್ರದ ತಳದಲ್ಲಿ ಈ ಬ್ಯಾನರ್ ಹಿಡ್ಕೊಂಡು ಒಂದು ಫೋಟೋ. ಕಂಪನಿ ಮ್ಯಾಗಜೀನ್ ಕವರಿಗೆ ಹಾಕ್ತಾರೆ."

ಮಧ್ಯಾಹ್ನವೇ ಚೆನ್ನೈಗೆ ವಿಮಾನ. ಆದರೂ ಯಾರಿಗೆ ತಾನೇ ಆಸೆಯಾಗುವುದಿಲ್ಲ? ರುದ್ರೇಶ ಹೊರಟ. ತನುಜಾಳೂ ದೋಣಿ ಹತ್ತಿದಳು.

ದೋಣಿಯಲ್ಲಿ ಟ್ರೈನರ್ ಹಿಂದಿಯಲ್ಲಿ ಕೇಳಿದ, "ನಿಮ್ಮ ವಿಮಾನ ಯಾವಾಗ?"

"ನಾಳೆ" ಎಂದುಬಿಟ್ಟ ತ್ರಿವಿಕ್ರಮ.

ತನುಜಾ ಅವನ ಮುಖ ನೋಡಿದಳು. "ಇವತ್ತೇ ಅಲ್ವಾ?" ಎಂದು ಕನ್ನಡದಲ್ಲಿ ಕೇಳಿದಳು.

"ಅದೊಂದು ಫಾರ್ಮಾಲಿಟಿ ಮೇಡಂ. ಎಲ್ಲರನ್ನೂ ಕೇಳ್ತಾರೆ. ಇವತ್ತು ಅಂದ್ರೆ ನೀರಿಗೆ ಬಿಡಲ್ಲ, ಫೋಟೋ ತಪ್ಪಿ ಹೋಗುತ್ತೆ."

ಟ್ರೈನರಿಗೆ ಕನ್ನಡ ಬರುವುದಿಲ್ಲ. ಅವನು ಟಿಕೆಟ್ ತೋರಿಸಿ ಎನ್ನಲಿಲ್ಲ. ಯಾಕೆ ಕೇಳಿದೆ ಎಂದು ವಿವರಿಸಲೂ ಇಲ್ಲ. ಬ್ಯಾನರ್ ನೀರಿನಲ್ಲಿ ಮಡಚಿಕೊಂಡಿತೆಂದು ರುದ್ರೇಶನನ್ನು ಮೇಲಕ್ಕೆ ತಂದು ಮತ್ತೆ ಇಳಿಸಿದರು. ಅಕ್ಷರ ಸರಿಯಾಗಿ ಕಾಣಲಿಲ್ಲವೆಂದು ಇನ್ನೊಮ್ಮೆ ಇಳಿಸಿದರು. ಆಮೇಲೆ ಒದ್ದೆ ಕೂದಲಿನಲ್ಲೇ ದಡಬಡ ಮಾಡಿಕೊಂಡು ಎಲ್ಲರೂ ಪೋರ್ಟ್ ಬ್ಲೇರಿಗೆ ಬಂದು ವಿಮಾನ ಹತ್ತಿದರು.

ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ರುದ್ರೇಶನ ಭುಜ ಒಳಗೊಳಗೇ ಕೊರೆಯುವಂತೆ ನೋಯತೊಡಗಿತು. ಸಿಲಿಂಡರಿನ ಭಾರಕ್ಕೆ ಇರಬೇಕು ಎಂದುಕೊಂಡ. ಚೆನ್ನೈಯಿಂದ ಬೆಂಗಳೂರಿಗೆ ಬಂದು ರೈಲು ಹತ್ತಿದಾಗ ಎಡಗಾಲು ಜೋಮು ಹಿಡಿದಂತಾಯಿತು. ಭದ್ರಾವತಿಯಲ್ಲಿ ಇಳಿದಾಗ ಆ ಕಾಲು ನೆಲದ ಮೇಲಿದೆಯೋ ಇಲ್ಲವೋ ಎಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ತಾಯಿ ಸುಭದ್ರಮ್ಮ ಎಣ್ಣೆ ಬಿಸಿ ಮಾಡಿದರು. "ಉಪ್ಪುನೀರಲ್ಲಿ ನೆನೆದು ವಾಯು ಆಗಿದೆ. ಹಬೆ ತಗೊಂಡು ಮಲಕ್ಕೋ, ಸರಿ ಹೋಗುತ್ತೆ."

ರುದ್ರೇಶ ಹತ್ತಿರದ ಡಾಕ್ಟರಲ್ಲಿಗೂ ಹೋಗಿ ಬಂದ. ಟೂರಿಗೆ ಹೋಗಿದ್ದೆ, ಮೈಕೈ ನೋವು ಎಂದಷ್ಟೇ ಹೇಳಿದ. ಡೈವಿಂಗ್ ಸುದ್ದಿ ಎತ್ತಲಿಲ್ಲ. ನೀರಲ್ಲಿ ಆಟ ಆಡಲು ಹೋಗಿ ನೋವು ಮಾಡಿಕೊಂಡೆ ಎಂದರೆ ನಗುತ್ತಾರೆ ಎಂದು ಸಂಕೋಚ. ಅವರು ನೋವಿನ ಮಾತ್ರೆ ಕೊಟ್ಟರು. ಹೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಮಧ್ಯಾಹ್ನದ ಹೊತ್ತಿಗೆ ಮೂತ್ರ ಕಟ್ಟಿತು. ಅದನ್ನೂ ಅವನು ಹೆಂಡತಿಗೆ ತಡವಾಗಿಯೇ ಹೇಳಿದ. ತನುಜಾ ಆಮೇಲೆ ತಡಮಾಡಲಿಲ್ಲ. ಅವಳ ತವರು ಶಿವಮೊಗ್ಗದ ವಿದ್ಯಾನಗರ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ ಪ್ರಿಯದರ್ಶಿನಿ ಈಗ ಅಲ್ಲೇ ಡಾಕ್ಟರ್. ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಡೈವಿಂಗ್ ಮಾಡಿದ್ರಾ? ಯಾವತ್ತು?" ಪ್ರಿಯದರ್ಶಿನಿಯ ದನಿ ಬದಲಾಯಿತು.

"ನಿನ್ನೆ ಬೆಳಿಗ್ಗೆ."

"ವಿಮಾನ ಹತ್ತಿದ್ದು?"

"ನಿನ್ನೆ ಮಧ್ಯಾಹ್ನ."

"ಅಯ್ಯೋ ಮಾರಾಯ್ತಿ! ಅದೇ ದಿನ ಹತ್ತಿಸಿದ್ರಾ? ಯಾರೂ ಬೇಡ ಅನ್ನಲಿಲ್ವಾ?"

"ಯಾಕೆ, ಏನಾಗುತ್ತೆ?"

"ಸೋಡಾ ಬಾಟ್ಲಿ ನೋಡಿದ್ದೀಯಲ್ಲ? ಮುಚ್ಚಿದ್ದಾಗ ಒಳಗೆ ಗುಳ್ಳೆ ಕಾಣಲ್ಲ. ಟಕ್ ಅಂತ ತೆಗೆದ್ರೆ ಬುಸ್ ಅಂತ ಏಳ್ತವೆ. ನೀರಿನ ಆಳದಲ್ಲಿ ಒತ್ತಡ ಜಾಸ್ತಿ. ಅಲ್ಲಿ ಉಸಿರಾಡಿದ ಗಾಳೀಲಿರೋ ನೈಟ್ರೋಜನ್ ರಕ್ತದಲ್ಲಿ ಕರಗಿ ಕೂರುತ್ತೆ. ಅದು ಮೆಲ್ಲಗೆ ಹೊರಗೆ ಹೋಗೋಕೆ ಟೈಮ್ ಬೇಕು. ವಿಮಾನದ ಒಳಗೆ ಗಾಳಿಯ ಒತ್ತಡ ನೆಲದ ಮೇಲಿಗಿಂತ ಕಡಿಮೆ ಕಣೆ. ಬೇಗ ಹತ್ತಿದ್ರೆ ಮೈಯೊಳಗೇ ಗುಳ್ಳೆ ಏಳಬಹುದು. ಕೀಲಿಗೆ ಹೋದ್ರೆ ನೋವು. ಬೆನ್ನುಹುರಿಗೆ ಹೋದ್ರೆ ಕಾಲೇ ಹೋಗುತ್ತೆ."

ತನುಜಾಳಿಗೆ ಅಳು ಬಂತು.

"ಕೇಳಿಸ್ಕೋ, ಅಳೋಕೆ ಟೈಮಿಲ್ಲ" ಎಂದಳು ಪ್ರಿಯದರ್ಶಿನಿ. "ಎಣ್ಣೆ ತಿಕ್ಕೋದು ನಿಲ್ಸಿ. ಆಕ್ಸಿಜನ್ ಇರೋ ಆಂಬುಲೆನ್ಸ್ ನಾನು ಕಳಿಸ್ತೀನಿ. ರಸ್ತೆ ಮೇಲೇ ಬೆಂಗಳೂರಿಗೆ ಹೋಗಿ. ಇದಕ್ಕೆ ಅಂತಲೇ ಒತ್ತಡದ ಕೋಣೆ ಇರೋ ಆಸ್ಪತ್ರೆ ಅಲ್ಲಿದೆ. ಅವರಿಗೆ ನಾನು ಫೋನ್ ಮಾಡಿರ್ತೀನಿ."

"ಅಷ್ಟು ದೊಡ್ಡ ಕಂಪನಿಯವರು ಕರ್ಕೊಂಡು ಹೋಗಿದ್ದು. ಅವರಿಗೆ ಗೊತ್ತಿರಲ್ವಾ?" ಎಂದರು ಸುಭದ್ರಮ್ಮ, ತನುಜಾ ಫೋನ್ ಇಟ್ಟು ವಿಷಯ ಹೇಳಿದಾಗ ನಂಬಲಾರದೆ.

ಆಗ ತನುಜಾಳಿಗೆ ದೋಣಿಯಲ್ಲಿ ಕೇಳಿದ ಮಾತು ನೆನಪಾಯಿತು. ಇವತ್ತು ಅಂದ್ರೆ ನೀರಿಗೆ ಬಿಡಲ್ಲ. ಅವಳ ಮೈ ಉರಿದುಹೋಯಿತು. "ಗೊತ್ತಿತ್ತು ಅತ್ತೆ. ಬಿಡಬಾರದು ಅನ್ನೋದು ಗೊತ್ತಿದ್ದೇ ಸುಳ್ಳು ಹೇಳಿದ. ಒಂದು ಫೋಟೋಗೋಸ್ಕರ!"

ಆಸ್ಪತ್ರೆಯಲ್ಲಿ ರುದ್ರೇಶನನ್ನು ಉಕ್ಕಿನ ಕೋಣೆಯೊಳಗೆ ಮಲಗಿಸಿ, ಒತ್ತಡ ಏರಿಸಿ, ಆಕ್ಸಿಜನ್ ಕೊಟ್ಟರು. ಮತ್ತೆ ಮತ್ತೆ ಕೊಡಬೇಕಾಯಿತು. ಹೊರಗೆ ಬೆಂಚಿನ ಮೇಲೆ ಕೂತು ತನುಜಾ ತ್ರಿವಿಕ್ರಮನಿಗೆ ಫೋನ್ ಮಾಡಿದಳು.

"ಮೇಡಂ, ಹಾಗಾಗಬಾರದಿತ್ತು" ಎಂದ ಅವನು. "ಆದ್ರೆ ಸರ್ ತಾವೇ ಫಾರಂಗೆ ಸೈನ್ ಹಾಕಿದಾರೆ. ಸ್ವಂತ ಜವಾಬ್ದಾರಿ ಅಂತ ಅದ್ರಲ್ಲಿ ಬರೆದಿದೆ."

"ವಿಮಾನ ನಾಳೆ ಅಂತಲೂ ಅದ್ರಲ್ಲಿ ಬರೆದಿದ್ಯಾ?"

ಅವನು ಫೋನ್ ಇಟ್ಟ.

ಕಾಲಿಗೆ ಬಲ ಬಂತು. ಆದರೆ ಪೂರ್ತಿ ಬರಲಿಲ್ಲ. ಇನ್ನೂ ಬೇಗ ಬಂದಿದ್ದರೆ ಚೆನ್ನಾಗಿತ್ತು ಎಂದರು ಅಲ್ಲಿನ ಡಾಕ್ಟರು. ಊರಿಗೆ ಮರಳಿದ ಮೇಲೂ ರುದ್ರೇಶ ಎಡಪಾದ ಎಳೆದುಕೊಂಡೇ ನಡೆಯುತ್ತಿದ್ದ. ಅಂಗಡಿಯ ಏಣಿ ಹತ್ತಲಾಗದೆ ಮೇಲಿನ ಡಬ್ಬಗಳನ್ನೆಲ್ಲ ಕೆಳಗೆ ಇಡಿಸಿದ.

ಅವನನ್ನು ನೋಡಲು ಕುಂಸಿಯಿಂದ ಯೋಗರಾಜ ಬಂದ. ಅವನೂ ಪೇಂಟ್ ಡೀಲರ್. ಟೂರಿನ ಮುಂದಿನ ತಂಡದಲ್ಲಿ ಅವನ ಹೆಸರಿತ್ತು.

"ಎಷ್ಟೋ ಜನ ಹೋಗಿ ಬರ್ತಾರೆ ಮಾರಾಯ. ಎಲ್ಲರಿಗೂ ಹಿಂಗಾಗಿದ್ಯಾ? ನಿನ್ನ ಗ್ರಹಚಾರ ಅಷ್ಟೆ" ಎಂದ ಯೋಗರಾಜ.

ಕಾಫಿ ತಂದ ತನುಜಾ ಲೋಟವನ್ನು ಟಪ್ಪೆಂದು ಇಟ್ಟಳು. "ಗ್ರಹಚಾರ ಅನ್ಬೇಡಿ ಅಣ್ಣ. ಬ್ರೇಕ್ ಇಲ್ಲದ ಬಸ್ಸಲ್ಲಿ ಕೂರಿಸಿ, ಬಿದ್ದ ಮೇಲೆ ಗ್ರಹಚಾರ ಅಂತೀರಾ? ಎಲ್ಲರಿಗೂ ಆಗಲ್ಲ, ನಿಜ. ಯಾರಿಗೆ ಆಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಅದಕ್ಕೇ ಆ ನಿಯಮ ಇರೋದು."

"ಹಂಗಾದ್ರೆ ಹೋಗ್ಲೇಬೇಡ ಅಂತೀಯೇನಮ್ಮ?"

"ಹೋಗು. ನೀರಿಗೂ ಇಳಿ" ಎಂದ ರುದ್ರೇಶ. "ಆ ಬಣ್ಣ ಕಣ್ಣಿಗೆ ಕಟ್ಟಿದ ಹಾಗಿದೆ ಈಗಲೂ. ಆದ್ರೆ ಇಳಿಯೋದೆಲ್ಲ ಮೊದಮೊದಲೇ ಮುಗಿಸ್ಕೋ. ಹೊರಡೋಕೆ ಮುಂಚೆ ಒಂದು ಪೂರ್ತಿ ದಿನ ನೀರಿಗೆ ಇಳೀಬೇಡ. ನಿಮಗೆ ಕೊಟ್ಟಿರೋ ಪ್ರೋಗ್ರಾಂ ನೋಡಿದ್ಯಾ?"

ಯೋಗರಾಜ ಕಿಸೆಯಿಂದ ಕಾಗದ ತೆಗೆದ. ಹೊರಡುವ ದಿನ ಬೆಳಿಗ್ಗೆ: ಸಮುದ್ರದಡಿಯಲ್ಲಿ ಗ್ರೂಪ್ ಫೋಟೋ. ಮಧ್ಯಾಹ್ನ: ವಿಮಾನ. ಅವನು ರುದ್ರೇಶನ ಕಾಲನ್ನೊಮ್ಮೆ ನೋಡಿದ. "ಇಷ್ಟಾದ ಮೇಲೂ ಅದೇ ಇಟ್ಟಿದಾರಲ್ಲ!" ಎಂದ. ಅವನ ಕಾಫಿ ಹಾಗೇ ಆರಿತು.

ಮುಂದಿನ ವಾರ ಶಿವಮೊಗ್ಗದ ಒಂದು ಹೋಟೆಲಿನ ಹಾಲ್‌ನಲ್ಲಿ ಡೀಲರುಗಳ ಸಭೆ. ರುದ್ರೇಶ ಮತ್ತು ತನುಜಾ ಹಿಂದಿನ ಸಾಲಿನಲ್ಲಿ ಕೂತರು. ತ್ರಿವಿಕ್ರಮ ಪರದೆಯ ಮೇಲೆ ಟೂರಿನ ಫೋಟೋ ಹಾಕಿದ. ನೀಲಿ ನೀರು, ಹವಳ, ಅದರ ಮುಂದೆ ಬ್ಯಾನರ್ ಹಿಡಿದ ರುದ್ರೇಶ. ಹಾಲ್ ತುಂಬ ಚಪ್ಪಾಳೆ.

ತನುಜಾ ಎದ್ದು ನಿಂತಳು. ಪರದೆಯ ಕಡೆ ಕೈ ತೋರಿಸಿದಳು.

"ಚಪ್ಪಾಳೆ ನಿಲ್ಸಿ. ಈ ಫೋಟೋ ತೆಗೆದ ಮಾರನೇ ದಿನ ನನ್ನ ಗಂಡ ನಡೆಯೋಕಾಗದೆ ಬಿದ್ದಿದ್ರು. ಫೋಟೋ ತೆಗೆದ ದಿನವೇ ವಿಮಾನ ಇತ್ತು. ನಾಳೆ ಅಂತ ಇವರು ಸುಳ್ಳು ಹೇಳಿ ನೀರಿಗೆ ಇಳಿಸಿದ್ರು. ನಾನೇ ಕಿವಿಯಾರೆ ಕೇಳಿದೀನಿ."

"ಮೇಡಂ, ಇದು ಸ್ಥಳ ಅಲ್ಲ. ಆಮೇಲೆ ಮಾತಾಡೋಣ."

"ಇದೇ ಸ್ಥಳ. ಮುಂದಿನ ತಂಡ ಇಲ್ಲೇ ಕೂತಿದೆ. ಅವರ ಪ್ರೋಗ್ರಾಮಲ್ಲೂ ಅದನ್ನೇ ಬರೆದಿದ್ದೀರಿ. ನಿಮ್ಮ ಬ್ಯಾನರ್ ಹಿಡಿಯೋಕೆ ಇನ್ನೂ ಎಷ್ಟು ಜನರ ಕಾಲು ಬೇಕು ನಿಮಗೆ?"

ತ್ರಿವಿಕ್ರಮ ಪರದೆ ಆರಿಸಲು ಹೋದ.

"ಆರಿಸ್ಬೇಡಿ" ಎಂದು ಯೋಗರಾಜ ಎದ್ದ. "ಹೊರಡೋ ದಿನ, ಅದರ ಹಿಂದಿನ ದಿನ ಯಾರೂ ನೀರಿಗೆ ಇಳಿಯಲ್ಲ ಅಂತ ಇಲ್ಲೇ ಬರೆದುಕೊಡಿ. ಇಲ್ಲಾಂದ್ರೆ ನಾನಂತೂ ಬರಲ್ಲ." ಒಬ್ಬೊಬ್ಬರಾಗಿ ಉಳಿದವರೂ ಎದ್ದು ನಿಂತರು.

ಕಂಪನಿ ಪ್ರೋಗ್ರಾಂ ಬದಲಿಸಿತು. ಯೋಗರಾಜನ ತಂಡ ಡೈವಿಂಗ್ ಮೊದಲೇ ಮುಗಿಸಿ, ಕೊನೆಯಲ್ಲಿ ದಡದಲ್ಲೇ ಅಡ್ಡಾಡಿಕೊಂಡಿದ್ದು ಸುಖವಾಗಿ ಬಂತು. ತ್ರಿವಿಕ್ರಮನಿಗೆ ಬೇರೆ ಊರಿಗೆ ವರ್ಗವಾಯಿತು. ತಪ್ಪಾಯಿತು ಎಂದು ರುದ್ರೇಶನ ಮನೆಗೆ ಬಂದು ಹೇಳಿದವರು ಮಾತ್ರ ಇವತ್ತಿನವರೆಗೂ ಯಾರೂ ಇಲ್ಲ.

ಓದುಗರೇ, ಈಗ ನಮ್ಮ ನಿಮ್ಮಂಥವರೂ ದ್ವೀಪಗಳಿಗೆ ಹೋಗುತ್ತಿದ್ದೇವೆ. ಹನಿಮೂನಿಗೆ, ಡೀಲರ್ ಟೂರಿಗೆ, ಮಕ್ಕಳ ರಜೆಗೆ. ಸಂತೋಷವಾಗಿ ಹೋಗಿ. ಆದರೆ ಟಿಕೆಟ್ ಮಾಡಿಸುವಾಗಲೇ ಡೈವಿಂಗ್ ಯಾವ ದಿನ, ವಿಮಾನ ಯಾವ ದಿನ ಎಂದು ಕೇಳಿ. ನಡುವೆ ಒಂದು ಪೂರ್ತಿ ಹಗಲು, ಒಂದು ಪೂರ್ತಿ ರಾತ್ರಿ ಇರಲೇಬೇಕು. ನಿಮ್ಮ ಪರವಾಗಿ ಉತ್ತರ ಹೇಳಲು ಟೂರಿನವರಿಗೆ ಬಿಡಬೇಡಿ, ಟ್ರೈನರಿಗೆ ನೀವೇ ಹೇಳಿ. ಉಬ್ಬಸ, ಕಿವಿ, ಎದೆಯ ತೊಂದರೆ ಇದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ. ನಿಜ ಬರೆದವರನ್ನು ನೋಡಿ ನಗಲೂಬೇಡಿ. ನೀರಿನಿಂದ ಬಂದ ಮೇಲೆ ಕೀಲು ನೋವು, ಜೋಮು, ತಲೆಸುತ್ತು, ಉಸಿರಾಟದ ತೊಂದರೆ ಏನೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ, "ನಾನು ಡೈವಿಂಗ್ ಮಾಡಿದ್ದೆ" ಎಂಬ ಮಾತನ್ನೇ ಮೊದಲು ಹೇಳಿ.

ನಿಮ್ಮ ಜೀವಕ್ಕೆ ಒಂದು ದಿನ ಬಿಡುವು ಕೊಡಲಾರೆವು ಎನ್ನುವವರು ಎಷ್ಟೇ ದೊಡ್ಡವರಾಗಿರಲಿ, ಅವರ ಜೊತೆ ಸಮುದ್ರಕ್ಕೆ ಇಳಿಯಬೇಡಿ. ಆಗುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿ, ಗಟ್ಟಿಯಾಗಿ ಹೇಳಿ, ದೋಣಿಯಲ್ಲಿರುವ ಎಲ್ಲರಿಗೂ ಕೇಳಿಸಲಿ.