ವಿಭೂತಿ ಹಚ್ಚಿದ ಕೀ

ನನ್ನ ಕೈಯಿಂದ ಯಾರಾದರೂ ಮೈಕು ಕಿತ್ತುಕೊಂಡರೆ ಮೈಯೆಲ್ಲ ಉರಿದುಹೋಗುತ್ತದೆ. ಕಿತ್ತುಕೊಂಡವನು ಮಂತ್ರಿಯಾದರೂ ಅಷ್ಟೆ, ಮದುಮಗನಾದರೂ ಅಷ್ಟೆ. ಹಿರಿಯೂರು ತಾಲ್ಲೂಕಿನಲ್ಲಿ ಕಬಡ್ಡಿ ಇರಲಿ, ದನಗಳ ಪ್ರದರ್ಶನ ಇರಲಿ, ಯಾರದೋ ಸನ್ಮಾನ ಇರಲಿ, ಮೈಕಿನಲ್ಲಿ ಮಾತಾಡಲು ಕರೆಯುವುದು ಈ ಅಂಜನಪ್ಪನನ್ನೇ. ಅವತ್ತು ಐಮಂಗಲದ ಹೊರಗೆ, ಹೈವೇ ಪಕ್ಕದ ಬಯಲಿನಲ್ಲಿ ಯುವಕ ಸಂಘದವರು ಬೈಕ್ ರೇಸ್ ಇಟ್ಟುಕೊಂಡಿದ್ದರು. ಅಲ್ಲಿಗೂ ನಾನೇ ಹೋಗಿದ್ದೆ.

ಬೆಂಗಳೂರು, ಶಿವಮೊಗ್ಗದ ಕಡೆಯಿಂದ ನಿಜವಾದ ರೇಸಿನವರೂ ಬಂದಿದ್ದರು. ಅವರ ಗಾಡಿಗಳ ಸದ್ದಿನ ಮುಂದೆ ನನ್ನ ಸ್ಪೀಕರು ಬಾಯಿ ಮುಚ್ಚಿಕೊಂಡಿತ್ತು. ಆದರೆ ನಮ್ಮ ಜನ ಕಾಯುತ್ತಿದ್ದದ್ದು ಲೋಕಲ್ ಕ್ಲಾಸಿಗೆ. ಹಾಲು ಹಾಕುವ ಗಾಡಿ, ಹೊಲಕ್ಕೆ ಹೋಗುವ ಗಾಡಿ, ಇಂಥವುಗಳ ಕನ್ನಡಿ ಬಿಚ್ಚಿ, ನಂಬರ್ ಪ್ಲೇಟಿನ ಮೇಲೆ ಬಿಳಿ ಟೇಪು ಅಂಟಿಸಿ, ಟೇಪಿನ ಮೇಲೆ ಸಂಘದವರು ಕೊಟ್ಟ ನಂಬರು ಬರೆದು ಓಡಿಸುವುದು ಅದರ ಪದ್ಧತಿ. ನಮ್ಮವರೇ ಬೀಳುವುದನ್ನು ನೋಡುವ ಖುಷಿ ಬೇರೆ ಯಾವುದರಲ್ಲಿ ಸಿಗುತ್ತದೆ?

ಲೋಕಲ್ ಕ್ಲಾಸಿನ ಗಾಡಿಗಳು ಒಂದೊಂದಾಗಿ ಸಾಲಿಗೆ ಬರುತ್ತಿದ್ದಾಗ ಶಿವಕುಮಾರಪ್ಪ ಏದುಸಿರು ಬಿಡುತ್ತ ಸ್ಟೇಜಿಗೆ ಓಡಿಬಂದರು. ಐಮಂಗಲದಲ್ಲಿ ಹಿಂಡಿ, ಬೂಸಾ ಅಂಗಡಿ ಇಟ್ಟಿರುವ ಸಾವ್ಕಾರರು ಅವರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು.

“ಅಂಜನಪ್ಪ, ನನ್ನ ಗಾಡಿ ಇಲ್ಲ ಕಣಪ್ಪ! ಹುಣಸೆ ಮರದ ಕೆಳಗೆ ನಿಲ್ಲಿಸಿದ್ದೆ. ಗುರುತಿಗೆ ಅಂತ ಹ್ಯಾಂಡಲಿಗೆ ಕಟ್ಟಿದ್ದ ಟವೆಲ್ ನೆಲದ ಮ್ಯಾಲೆ ಬಿದ್ದೈತೆ. ಗಾಡಿ ಮಾತ್ರ ಮಾಯ.”

ಆ ಕಪ್ಪು ಗಾಡಿ ಅವರಿಗೆ ಏನು ಎಂಬುದು ಊರಿಗೆಲ್ಲ ಗೊತ್ತು. ಸ್ವಂತ ದುಡಿಮೆಯಲ್ಲಿ ಕೊಂಡ ಮೊದಲ ವಸ್ತು. ಮಳೆ ಬಂದರೆ ತಾವು ನೆನೆದು ಗಾಡಿಗೆ ತಾಡಪಾಲು ಹೊದಿಸುವ ಮನುಷ್ಯ. ಇಷ್ಟು ವರ್ಷದಲ್ಲಿ ಅದನ್ನು ಒಬ್ಬರಿಗೂ ಓಡಿಸಲು ಕೊಟ್ಟವರಲ್ಲ.

“ಕೀ ಅದರಾಗೇ ಬಿಟ್ಟಿದ್ರಾ ಸಾವ್ಕಾರ್ರೆ?”

“ಜೇಬಿನಾಗೆ ಐತೆ, ನೋಡು.” ತೆಗೆದು ತೋರಿಸಿದರು.

“ಇನ್ನೊಂದು ಕೀ?”

“ದೇವರ ಮನೆಯಾಗೆ, ಸ್ವಾಮಿಗಳ ಫೋಟೋದ ಮೊಳೆಗೆ ನೇತು ಹಾಕೀನಿ. ದಿನಾ ಬೆಳಗ್ಗೆ ನಾನು ವಿಭೂತಿ ಹಚ್ಚಿಕಂಡಾಗ ಅದಕ್ಕೂ ಮೂರು ಬೆರಳು ಎಳೀತೀನಿ. ಅದನ್ನ ಯಾರು ಮುಟ್ಟಾಕೆ ಬರ್ತಾರೆ? ಮಗಳು ಭಾಗ್ಯ ಒಂದು ತಿಂಗಳಿಂದ ‘ಅಪ್ಪಾಜಿ, ಒಂದೇ ಒಂದ್ಸಲ ಗಾಡಿ ಕೊಡ್ರಿ’ ಅಂತ ಬೆನ್ನು ಬಿದ್ದಿದ್ಲು. ಹೆತ್ತ ಮಗಳಿಗೇ ಕೊಟ್ಟಿಲ್ಲ ನಾನು!”

ಕೀಗೆ ವಿಭೂತಿ ಹಚ್ಚುವವರನ್ನು ನಾನು ಕಂಡದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ, ಗಾಡಿಗೆ ಪ್ರಸಾದಾನೂ ಕೊಡ್ತೀರೇನು ಎಂದು ರೇಗಿಸುತ್ತಿದ್ದೆ. ಅವತ್ತು ಆ ಮುಖ ನೋಡಿ ಮೈಕು ಎತ್ತಿಕೊಂಡೆ.

ಗಾಡಿಯ ನಂಬರು ಕೇಳಿಕೊಂಡು ಮೈಕಿನಲ್ಲಿ ಓದಿದೆ. “ಯಾರಾದರೂ ತಪ್ಪಿ ತೆಗೆದುಕೊಂಡು ಹೋಗಿದ್ದರೆ ದಯವಿಟ್ಟು ಸ್ಟೇಜಿನ ಹತ್ತಿರ ತಂದುಬಿಡಬೇಕು” ಎಂದೆ. ತಪ್ಪಿ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೆ. ಹೊಸದುರ್ಗದ ಕಡೆ ಒಂದು ಪಂದ್ಯದಲ್ಲಿ ಯಾರೋ ಮೈಕಿನಲ್ಲಿ ಕಳ್ಳ ಕಳ್ಳ ಎಂದು ಕೂಗಿದ್ದಕ್ಕೆ ಜನ ಒಬ್ಬನನ್ನು ಹಿಡಿದು ಬಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಒಂದು ಕಣ್ಣು ಹೋಯಿತು. ಅವನು ಕಳ್ಳನೂ ಆಗಿರಲಿಲ್ಲ, ಕಡಲೆಕಾಯಿ ಮಾರಲು ಬಂದವನು. ಗುಂಪು ಸೇರಿದ ಜನಕ್ಕೆ ಆ ಒಂದು ಮಾತು ಸಾಕು.

ಅಷ್ಟರಲ್ಲಿ ಶಿವಕುಮಾರಪ್ಪ ಮೈಕು ಕಿತ್ತುಕೊಂಡರು.

“ತಪ್ಪಿ ಅಲ್ರೀ, ಕಳ್ಳತನ! ಲೇ ಕಳ್ಳ, ಕೇಳಿಸ್ಕ. ನಿನ್ನ ಹೆತ್ತೋನು ಎಂಥಾ ಅಪ್ಪನೋ! ಮಗನಿಗೆ ಬುದ್ಧಿ ಕಲಿಸಾಕೆ ಆಗದೋನು. ಆ ನಿಮ್ಮಪ್ಪ ಇದೇ ಸ್ಟೇಜ್ ಮ್ಯಾಲೆ ಬಂದು ಮುಖ ತೋರಿಸ್ಲಿ, ನೋಡಾಣ!”

ಬಯಲೆಲ್ಲ ಶಿಳ್ಳೆ. ಪಡ್ಡೆ ಹುಡುಗರು ಅಂಗಿಯ ತೋಳು ಮಡಚಿಕೊಂಡು ಗಾಡಿ ನಿಲ್ಲಿಸಿದ್ದ ಕಡೆ ನುಗ್ಗಿದರು. ಅವರಿಗೆ ಗಾಡಿ ಸಿಗುವುದು ಬೇಕಿರಲಿಲ್ಲ, ಬಡಿಯಲು ಒಂದು ಮೈ ಬೇಕಿತ್ತು. ನಾನು ಸಿಟ್ಟಿನಿಂದ ಮೈಕು ವಾಪಸ್ ಕಸಿದುಕೊಂಡೆ. “ಸುಮ್ನೆ ಇಲ್ಲಿ ಕುಂತ್ಕಳ್ರಿ ಸಾವ್ಕಾರ್ರೆ. ಯಾರದಾದ್ರೂ ಜೀವ ಹೋದ್ರೆ ಏನ್ ಮಾಡ್ತೀರಿ?” ಅವರು ಕುಂತರು.

ಲೋಕಲ್ ಕ್ಲಾಸ್ ಶುರುವಾಯಿತು. ಮೊದಲ ಸುತ್ತಿನಲ್ಲೇ ನಾಲ್ಕು ಗಾಡಿ ಕೆಮ್ಮಣ್ಣಿಗೆ ಮೂತಿ ಕೊಟ್ಟವು. ಉಳಿದವುಗಳ ಮೇಲೂ ಕೆಂಪು ಧೂಳು ಕೂತು ಯಾವ ಗಾಡಿ ಯಾರದೆಂದು ಗೊತ್ತಾಗುವಂತಿರಲಿಲ್ಲ. ಇಪ್ಪತ್ತೇಳನೇ ನಂಬರಿನ ಸವಾರ ಮಾತ್ರ ಹಿಂದಿನಿಂದ ಒಬ್ಬೊಬ್ಬರನ್ನೇ ದಾಟಿಕೊಂಡು ಬರುತ್ತಿದ್ದ. ನೀಲಿ ಅಂಗಿ, ಮುಖ ಮುಚ್ಚಿದ ಹೆಲ್ಮೆಟ್. ನನ್ನ ಚೀಟಿಯಲ್ಲಿ ಹಾಲೇಶ್, ಐಮಂಗಲ ಎಂದಿತ್ತು.

“ಹಾಲೇಶನಾ? ನಮ್ಮಣ್ಣನ ಮಗನೂ ಹಾಲೇಶನೇ. ಅವನು ದಾವಣಗೆರೆಯಾಗೆ ಅವ್ನೆ. ಇವನ್ಯಾರೋ ಬೇರೆ” ಎಂದರು ಶಿವಕುಮಾರಪ್ಪ. ಗಾಡಿ ಕಳೆದುಕೊಂಡ ದುಃಖದಲ್ಲೂ ಕಣ್ಣು ಟ್ರ್ಯಾಕಿನ ಮೇಲೇ ಇತ್ತು. ತಿರುವಿನಲ್ಲಿ ಉಳಿದವರು ಹೆದರಿ ಕಾಲು ಊರುತ್ತಿದ್ದರೆ ಇಪ್ಪತ್ತೇಳು ಹಾಗೇ ವಾಲಿಕೊಂಡು ನುಣ್ಣಗೆ ಜಾರಿ ಹೋಯಿತು. ಅವರು ಎದ್ದೇ ನಿಂತರು. “ಯಾರ ಮಗನೋ ಪುಣ್ಯಾತ್ಮ! ಗಾಡಿಗೆ ಒಂಚೂರೂ ನೋವಾಗದಂಗೆ ಓಡಿಸ್ತಾನಲ್ಲಪ್ಪ!”

ಕೊನೆಯ ಸುತ್ತಿನಲ್ಲಿ ಇಪ್ಪತ್ತೇಳು ಒಂದು ದಿಬ್ಬ ಹಾರಿ ಇಳಿಯಿತು. ಇಳಿದ ಏಟಿಗೆ ಹಿಂದಿನ ಟೇಪು ಕಿತ್ತುಕೊಂಡು ಬಾಲದ ಹಾಗೆ ಹಾರಾಡಿತು. ಅದರಡಿಯಲ್ಲಿದ್ದ ನಂಬರನ್ನು ಆಗ ತಾನೇ ನಾನೇ ಮೈಕಿನಲ್ಲಿ ಓದಿದ್ದೆ.

ಹೇಳಿದರೆ ಆ ಸವಾರನ ಗತಿ ಏನು? ಹೇಳದಿದ್ದರೆ ಪಕ್ಕದಲ್ಲಿ ನಿಂತ ಈ ಮನುಷ್ಯನಿಗೆ ಏನು ಉತ್ತರ? ಮುಂದಿದ್ದ ಗಾಡಿಯನ್ನೇ ಬಾಯಿತುಂಬ ಹೊಗಳಿ ಜನರ ಕಣ್ಣು ಅತ್ತ ತಿರುಗಿಸಲು ನೋಡಿದೆ. ಆಗಲಿಲ್ಲ. ಹಗ್ಗದ ಹತ್ತಿರ ನಿಂತಿದ್ದ ಒಬ್ಬ ಕಿರುಚಿದ. “ಅದೇ ಕಣ್ರಲೇ ಸಾವ್ಕಾರ್ರ ಗಾಡಿ! ಹಿಡೀರಿ!”

ಇಪ್ಪತ್ತೇಳು ಎರಡನೆಯದಾಗಿ ಗೆರೆ ದಾಟಿತು. ದಾಟುತ್ತಲೇ ಜನ ಹಗ್ಗ ಹಾರಿ ಅದನ್ನು ಮುತ್ತಿಕೊಂಡರು. ಒಬ್ಬ ನೀಲಿ ಅಂಗಿ ಹಿಡಿದು ಎಳೆದ. ಇನ್ನೊಬ್ಬ ಹೆಲ್ಮೆಟ್ಟಿಗೆ ಗುದ್ದಿ ತನ್ನ ಕೈಯನ್ನೇ ನೋಯಿಸಿಕೊಂಡ. ನಾನು ಮೈಕು ಬಿಟ್ಟು ಓಡಿದೆ. ಜನ್ಮದಲ್ಲಿ ಎಂದೂ ಹಾಗೆ ಮಾಡಿದವನಲ್ಲ. ಶಿವಕುಮಾರಪ್ಪ ನನಗಿಂತ ಮುಂದಿದ್ದರು.

“ಸರೀರಿ, ಸರೀರಿ! ನನ್ನ ಗಾಡಿ. ಮೊದಲನೇ ಏಟು ನಂದು!”

ಬಲಗೈ ಮೇಲೆತ್ತಿಕೊಂಡೇ ಹತ್ತಿರ ಹೋದರು. ಎಂಜಿನ್ ಇನ್ನೂ ಓಡುತ್ತಿತ್ತು. ಎಷ್ಟು ಸಿಟ್ಟಿದ್ದರೂ ಗಾಡಿ ಸುಮ್ಮನೆ ಪೆಟ್ರೋಲ್ ಉರಿಸುವುದನ್ನು ನೋಡಲು ಅವರಿಂದಾಗದು. ಎಡಗೈ ಚಾಚಿ ಕೀ ತಿರುಗಿಸಿ ಆಫ್ ಮಾಡಿದರು. ಆಮೇಲೆ ಹಾಗೇ ನಿಂತುಬಿಟ್ಟರು.

ಕೀಯ ತಲೆ ಬೆಳ್ಳಗಿತ್ತು. ವರ್ಷಗಟ್ಟಲೆ ಹಚ್ಚಿದ ವಿಭೂತಿ ಪದರು ಪದರಾಗಿ ಕೂತಿತ್ತು. ಅವರ ಬೆವರಿದ ಬೆರಳಿಗೂ ಅದು ಅಂಟಿಕೊಂಡಿತ್ತು. ಬೆರಳು ನೋಡಿಕೊಂಡರು, ಹೆಲ್ಮೆಟ್ ನೋಡಿದರು. ಮೇಲೆತ್ತಿದ ಕೈ ಇಳಿಯಿತು. ಹಿಂದೆ ತಿರುಗಿ, ಗಾಡಿಗೆ ಬೆನ್ನು ಕೊಟ್ಟು, ಎರಡೂ ತೋಳು ಅಗಲಿಸಿ ಜನರ ಎದುರು ನಿಂತರು.

“ಮುಟ್ಟಬ್ಯಾಡ್ರಿ.”

“ಏನ್ ಸಾವ್ಕಾರ್ರೆ, ಕಳ್ಳನ್ನ ಹಂಗೇ ಬಿಡ್ತೀರಾ?”

“ಮುಟ್ಟಬ್ಯಾಡ್ರಿ ಅಂದೆ! ನನ್ನ ಮಗಳು.”

ಹೆಲ್ಮೆಟ್ ತೆಗೆದಾಗ ಭಾಗ್ಯಳ ಕೆನ್ನೆಯ ಮೇಲೆ ಕೆಮ್ಮಣ್ಣು, ಕಣ್ಣೀರು ಎರಡೂ ಕಲಸಿಹೋಗಿದ್ದವು. “ಅಪ್ಪಾಜಿ, ನಾನು ಕೇಳಿದ್ನಲ್ಲ...” ಎಂದಳು. ಹುಡುಗಿಯ ಹೆಸರಿಗೆ ಸಂಘದವರು ಏನೆನ್ನುತ್ತಾರೋ ಎಂದು ಹೆದರಿ ದೊಡ್ಡಪ್ಪನ ಮಗ ಹಾಲೇಶನ ಹೆಸರು ಬರೆಸಿದ್ದಳಂತೆ.

ಎತ್ತಿದ ಕೈಗಳೆಲ್ಲ ಜೇಬು ಸೇರಿದವು. ಆದರೆ ಬಾಯಿ ಸುಮ್ಮನಿರಬೇಕಲ್ಲ. “ಕಳ್ಳನ ಅಪ್ಪ ಮುಖ ತೋರಿಸ್ಬೇಕಂತೆ ಕಣ್ರೋ, ಎಲ್ಲಿ ಹುಡುಕಾಣ?” ಎಂದು ಯಾರೋ ಅಂದ. ಜನ ಹೊಟ್ಟೆ ಹಿಡಿದು ನಕ್ಕರು. ಆ ಯಾರೋ ನನ್ನ ಕೈಗೆ ಸಿಗಲಿಲ್ಲ, ಸಿಕ್ಕಿದ್ದರೆ ಅವತ್ತಿನ ಏಟು ಅವನಿಗೇ ಬೀಳುತ್ತಿತ್ತು.

ಶಿವಕುಮಾರಪ್ಪ ಯಾರ ಮೇಲೂ ರೇಗಲಿಲ್ಲ. ಮಗಳ ಕೈ ಹಿಡಿದುಕೊಂಡು ನೇರ ಸ್ಟೇಜಿಗೆ ನಡೆದರು. ಈ ಸಲ ನನ್ನ ಮುಂದೆ ಅಂಗೈ ಚಾಚಿದರು. “ಒಂದ್ಸಲ ಮೈಕು ಕೊಡ್ತೀಯೇನಪ್ಪ?” ಕೊಟ್ಟೆ.

“ಕಳ್ಳನ ಅಪ್ಪ ಬಂದು ಮುಖ ತೋರಿಸ್ಲಿ ಅಂದಿದ್ದೆ” ಎಂದರು. ಧ್ವನಿ ಸಣ್ಣಗಿತ್ತು, ಆದರೆ ಬಯಲಿನ ಆ ತುದಿಗೂ ಕೇಳಿಸಿತು. “ಬಂದೀನಿ, ಸರಿಯಾಗಿ ನೋಡ್ಕಳ್ರಿ. ಹಿಂಡಿ ಅಂಗಡಿ ಶಿವಕುಮಾರಪ್ಪ. ಮಗಳು ಬಾಯಿಬಿಟ್ಟು ಕೇಳಿದ್ಲು, ತಿಂಗಳಿಡೀ ಕೇಳಿದ್ಲು. ನಾನು ಕೊಡ್ಲಿಲ್ಲ. ಬೈಯ್ಯೋದಿದ್ರೆ ನನ್ನ ಬೈಯ್ರಿ. ಎರಡನೇ ನಂಬರ್ ಬಂದಿರೋದು ಹಾಲೇಶ ಅಲ್ಲ, ಭಾಗ್ಯ ಅಂತ ಬರಕಳ್ರಿ.”

ಯಾರೂ ನಗಲಿಲ್ಲ. ನಾನು ಚೀಟಿಯಲ್ಲಿದ್ದ ಹಾಲೇಶ್ ಎಂಬುದನ್ನು ಹೊಡೆದುಹಾಕಿ ಭಾಗ್ಯ ಎಂದು ಬರೆದೆ. ಆಮೇಲೆ ಮುಂದಿನ ರೇಸಿನ ಹೆಸರುಗಳನ್ನು ಓದಿದೆ.

ಬಿಸಿಲು ಇಳಿದ ಮೇಲೆ ಹುಣಸೆ ಮರದ ಕೆಳಗೆ ಅಪ್ಪ ಮಗಳು ಕನ್ನಡಿ ಕೂರಿಸುತ್ತಿದ್ದರು. ಮಡ್‌ಗಾರ್ಡಿಗೆ ಗೀರು ಬಿದ್ದಿದೆ ಎಂದು ಸಾವ್ಕಾರರು ಬಾಯಿತುಂಬ ಬೈಯುತ್ತಿದ್ದರು. ಬೈಗುಳ ಮುಗಿದ ಮೇಲೆ ಭಾಗ್ಯ ವಿಭೂತಿಯ ಕೀಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದಳು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಇನ್ನೊಂದು ಜೇಬಿನಿಂದ ತಮ್ಮ ಕೀ ತೆಗೆದು ಅವಳ ಅಂಗೈ ಮೇಲಿಟ್ಟರು.

“ದೇವರದು ದೇವರ ಹತ್ರಾನೇ ಇರ್ಲಿ. ಇದು ನೀನಿಟ್ಕ. ನಡಿ, ಮನೆಗೆ ಹೋಗಾಣ.”

ಭಾಗ್ಯ ಗಾಡಿ ಸ್ಟಾರ್ಟ್ ಮಾಡಿದಳು. ತಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಅವರು ಎಂದೂ ಕುಳಿತವರಲ್ಲ. ಪಂಚೆ ಎತ್ತಿ ಕಟ್ಟಿ, ಟವೆಲ್ ಹೆಗಲಿಗೆ ಹಾಕಿಕೊಂಡು ಹತ್ತಿದರು. ಕಾಲು ಎಲ್ಲಿಡಬೇಕಮ್ಮ ಎಂದು ಮಗಳನ್ನು ಕೇಳಿದರು.