ಕಿಡಿಯಕ್ಕನ ಕೈ

'ನಿಮ್ಮ ಕೆಲಸಕ್ಕೆ ಏನೂ ಆಗಲ್ಲ' ಎನ್ನುವುದೋ, 'ಯಾರ ಕೆಲಸಕ್ಕೂ ಏನೂ ಆಗಲ್ಲ' ಎನ್ನುವುದೋ? ಕಾರ್ಖಾನೆಯ ಗೇಟು ದಾಟಿ, ಹೆಲ್ಮೆಟ್ಟು ತಲೆಗೇರಿಸಿ, ವೆಲ್ಡಿಂಗ್ ಶೆಡ್ಡಿನ ಬಾಗಿಲಿಗೆ ಬರುವವರೆಗೂ ಅವನಿಗೆ ತೀರ್ಮಾನವಾಗಲಿಲ್ಲ. ಎರಡನೆಯದರಲ್ಲಿ ಸುಳ್ಳು ಸ್ವಲ್ಪ ಹಂಚಿಹೋಗುತ್ತದೆ ಅನ್ನಿಸಿತು.

ಕೆಟ್ಟ ಸುದ್ದಿ ಹೇಳುವವನ ಮುಖ ಹೇಗಿರಬೇಕೆಂದು ಬೆಳಿಗ್ಗೆ ಬಚ್ಚಲಿನ ಕನ್ನಡಿಯಲ್ಲಿ ನೋಡಿಕೊಂಡಿದ್ದ. ಹೆಂಡತಿ ಬಾಗಿಲು ತಟ್ಟಿದ್ದಳು.

"ಒಳಗೆ ಯಾರ ಜೊತೆ ಮಾತು?"

"ಯಾರೂ ಇಲ್ಲ."

"ಅದು ಗೊತ್ತು. ಬೇಗ ಬನ್ನಿ, ಮಗಳಿಗೆ ಹೊತ್ತಾಯ್ತು."

ಶೆಡ್ಡಿನ ನಡುವೆ ಹೊಸ ಯಂತ್ರ ನಿಂತಿತ್ತು. ಬೂದು ಬಣ್ಣದ ಒಂದೇ ಒಂದು ತೋಳು. ಭುಜ, ಮೊಣಕೈ, ಮಣಿಕಟ್ಟು ಎಲ್ಲ ಉಂಟು, ಮೈ ಮಾತ್ರ ಇಲ್ಲ. ಹಳೆಯ ರೋಬೋಟುಗಳನ್ನು ಬೇಲಿಯೊಳಗೆ ಕೂಡಿಹಾಕಬೇಕಿತ್ತು; ಒಂದೊಂದು ಚಲನೆಗೂ ಸಾಲುಗಟ್ಟಲೆ ಪ್ರೋಗ್ರಾಂ ಬರೆಯಬೇಕಿತ್ತು. ಆರು ವರ್ಷದಿಂದ ಇಂಜಿನಿಯರನಾಗಿ ಅವನು ಬರೆಯುತ್ತಿದ್ದುದು ಅದನ್ನೇ. ಇದಕ್ಕೆ ಬೇಲಿ ಬೇಡ, ಬರಹವೂ ಬೇಡ. ಕೆಲಸ ಬಲ್ಲವರು ಕೈ ಹಿಡಿದು ಒಮ್ಮೆ ನಡೆಸಿದರೆ ಸಾಕು, ಕಲಿತುಬಿಡುತ್ತದೆ.

ಬೇರೆ ದೇಶಗಳಲ್ಲಿ ದೀಪವನ್ನೇ ಹಚ್ಚದ ಕಾರ್ಖಾನೆಗಳು ಬಂದಿವೆ ಎಂದು ಅವನು ಓದಿದ್ದ. ನೋಡುವ ಕಣ್ಣೇ ಇಲ್ಲದ ಮೇಲೆ ದೀಪ ಯಾಕೆ? ಅದನ್ನು ಓದಿದ ದಿನ ಏನೋ ಖುಷಿಯಾಗಿತ್ತು. ಯಾಕೆಂದು ಈಗ ನೆನಪಾಗಲಿಲ್ಲ.

ಯಂತ್ರದ ಕೈ ಹಿಡಿಯಬೇಕಾದವಳು ಕಿಡಿಯಕ್ಕ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಕರೆಯುವವರಿರಲಿಲ್ಲ. ಗಿಡ್ಡ ಆಳು, ಮೊಣಕೈವರೆಗೂ ಸಾಸಿವೆ ಚೆಲ್ಲಿದ ಹಾಗೆ ಸುಟ್ಟ ಚುಕ್ಕೆಗಳು. ಈ ಶೆಡ್ಡಿನಲ್ಲಿ ಆಗುವುದು ಬಾಯ್ಲರುಗಳು. ಒಂದು ಬೆಸುಗೆ ಬಿಟ್ಟುಕೊಂಡರೆ ಜೀವ ಹೋಗುತ್ತದೆ. ಹದಿನೇಳು ವರ್ಷದಲ್ಲಿ ಅವಳ ಒಂದೇ ಒಂದು ಬೆಸುಗೆಯೂ, ಒಳಗಿನ ಬಿರುಕು ಹುಡುಕುವ ಎಕ್ಸ್‌ರೇ ಕೋಣೆಯಿಂದ ವಾಪಸು ಬಂದಿರಲಿಲ್ಲ. ಇವತ್ತು ಅವಳು ಕಲಿಸಿದ್ದನ್ನು ಯಂತ್ರ ಬೆಸೆದು, ಅದು ಎಕ್ಸ್‌ರೇಯಲ್ಲಿ ಪಾಸಾದರೆ ಮೂರು ಘಟಕಗಳಿಗೂ ಇಂಥ ತೋಳುಗಳು ಬರುತ್ತವೆ.

"ಅಕ್ಕಾ," ಎಂದ. "ಇದರಿಂದ ಯಾರ ಕೆಲಸಕ್ಕೂ..."

"ತಲೆ ಮೇಲೆ ಹಿಡಿದು ಬೆಸೀಬೇಕಾದ್ರೆ ಇದಕ್ಕೆ ಕೈ ನೋಯುತ್ತಾ ಸರ್?"

"ಇದಕ್ಕೇನು ನೋವು?"

"ಪುಣ್ಯವಂತ!" ಅವಳು ತೋಳಿನ ಮಣಿಕಟ್ಟು ಹಿಡಿದು ಅತ್ತಿತ್ತ ತಿರುಗಿಸಿದಳು. "ಬಾಯ್ಲರ್ ತೊಟ್ಟಿಯೊಳಗೆ ಬಗ್ಗಿ ಬಗ್ಗಿ ನನ್ನ ಕತ್ತು ಕೆಟ್ಟೇಹೋಯ್ತು. ಇನ್ಮೇಲೆ ಇದೇ ಬಗ್ಗಲಿ."

ಸಿದ್ಧಮಾಡಿಕೊಂಡು ಬಂದ ಮುಖ ಅವನ ಮೇಲೆ ಹಾಗೇ ಉಳಿಯಿತು. ಎಲ್ಲಿಡುವುದೆಂದು ತೋಚಲಿಲ್ಲ.

ಮೊದಲ ಬೆಸುಗೆಗೆ ಅವಳು ಶುರು ಎಲ್ಲಿ, ಕೊನೆ ಎಲ್ಲಿ ಎಂದಷ್ಟೇ ತೋರಿಸಿದಳು. ನಡುವಿನದನ್ನೆಲ್ಲ ಅವನು ಪುಸ್ತಕ ನೋಡಿ ಸ್ಕ್ರೀನಿನಲ್ಲಿ ತುಂಬಿದ. ತೋಳು ಅತ್ತಿತ್ತ ಓಲಾಡುತ್ತ ಹೊರಟು ಗೇಣು ದೂರ ಹೋಗಿರಬಹುದು.

"ನಿಲ್ಸಿ," ಎಂದಳು.

"ಯಾಕೆ? ಎಲ್ಲಾ ಹಸಿರು ತೋರಿಸ್ತಾ ಇದೆ."

"ಸದ್ದು ಸರಿಯಿಲ್ಲ. ಎಣ್ಣೇಲಿ ಹದವಾಗಿ ಕರಿಯೋ ಸದ್ದು ಬರ್ಬೇಕು. ಇದು ಒದರಾಡ್ತಿದೆ." ಕಬ್ಬಿಣ ಆರಿದ ಮೇಲೆ ಅಂಚಿನ ಮೇಲೆ ಉಗುರು ಎಳೆದಳು. ಉಗುರು ಒಂದು ಸಣ್ಣ ಸೀಳಿಗೆ ಸಿಕ್ಕಿಕೊಂಡಿತು. "ಸ್ಕ್ರೀನ್ ಸರಿಯಾಗೇ ಇದೆ ಸರ್. ಅಂಚು ತಿಂದುಹೋಗಿದೆ."

ಅವನು ಸ್ಕ್ರೀನನ್ನು ಇನ್ನೊಮ್ಮೆ ನೋಡಿದ.

"ಆ ಕಡೆ ಈ ಕಡೆ ಸುಮ್ನೆ ಓಡ್ತಿದೆ. ಅಂಚಿಗೆ ಬಂದಾಗ ಒಂದು ಉಸಿರು ನಿಲ್ಬೇಕು. ಕರಗಿದ್ದು ಬಂದು ತುಂಬ್ಕೊಳ್ಳೋಕೆ ಹೊತ್ತು ಬೇಡ್ವಾ?"

"ಒಂದು ಉಸಿರು ಅಂದ್ರೆ ಎಷ್ಟು ಸೆಕೆಂಡು?"

"ನಂಗೇನ್ ಗೊತ್ತು?" ಅವಳು ನಕ್ಕಳು. "ಸರೀರಿ ಆಚೆ."

ಎರಡನೆಯ ಸಲ ಕಿಡಿ ಹಚ್ಚದೆ, ತೋಳಿನ ಮೇಲೆ ತನ್ನ ಕೈಯಿಟ್ಟು ಈ ತುದಿಯಿಂದ ಆ ತುದಿಯವರೆಗೂ ನಡೆಸಿದಳು. ಬಲ ಅಂಚು, ಒಂದು ಉಸಿರು. ಎಡ ಅಂಚು, ಒಂದು ಉಸಿರು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಮುಗಿದ ಮೇಲೆ ಅವನ ಕೈಗೆ ಒಂದು ಮುಖವಾಡ ತುರುಕಿದಳು.

"ಹಾಕ್ಕೊಂಡು ನೋಡಿ. ದೂರ ನಿಂತ್ರೆ ಬರೀ ಬೆಳಕು ಕಾಣುತ್ತೆ."

ಆರು ವರ್ಷ ಈ ಶೆಡ್ಡಿಗೆ ಬಂದುಹೋಗುತ್ತಿದ್ದವನು ಬೆಸುಗೆಯನ್ನು ಕಂಡಿರಲೇ ಇಲ್ಲ. ಬೆಳಕಿಗೆ ಬೆನ್ನು ಮಾಡಿ ನಡೆದೇ ಅಭ್ಯಾಸ. ಈಗ ತೋಳು ತಾನೇ ಕಿಡಿ ಹಚ್ಚಿಕೊಂಡು ಹೊರಟಾಗ ಕಪ್ಪು ಗಾಜಿನಾಚೆ ಲೋಕವೆಲ್ಲ ಅಳಿಸಿಹೋಗಿ ಕಾಳಿನಷ್ಟು ಕೆಂಡದ ಕೊಳವೊಂದು ಉಳಿಯಿತು. ಅದು ಅಂಚಿಗೆ ಬಂದು, ನಿಂತು, ತುಂಬಿಕೊಂಡು, ಮರಳುತ್ತಿತ್ತು. ಹಿಂದೆ ಒಂದರ ಮೇಲೊಂದು ಒರಗಿದ ಸಣ್ಣ ಬಿದಿಗೆ ಚಂದ್ರಗಳ ಸಾಲು. ಯಂತ್ರ ಉಸಿರಾಡುತ್ತಿದೆ ಅನ್ನಿಸಿತು. ಅವಳ ಉಸಿರು. ಮುಖವಾಡ ಇದ್ದದ್ದು ಒಳ್ಳೆಯದೇ ಆಯಿತು.

"ನಮ್ಮನೆಯವರಿಗಿಂತ ವಾಸಿ," ಎಂದಳು ಕಿಡಿಯಕ್ಕ. "ಒಂದ್ಸಲ ಹೇಳಿದ್ದಕ್ಕೆ ತಲೆಗೆ ಹಾಕ್ಕೊಳ್ತು."

ಮಧ್ಯಾಹ್ನ ಎಕ್ಸ್‌ರೇಯವನು ಫಿಲ್ಮನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಬಂದ. ಒಂದು ಚುಕ್ಕೆಯೂ ಇಲ್ಲ. ಶೆಡ್ಡಿನವರೆಲ್ಲ ಕೈಗೆ ಸಿಕ್ಕಿದ ಸುತ್ತಿಗೆಯಿಂದ ಕಬ್ಬಿಣ ಕುಟ್ಟಿ ಗದ್ದಲವೆಬ್ಬಿಸಿದರು. ಮ್ಯಾನೇಜರು ಓಡಿಬಂದು, ಮೂರು ಘಟಕಗಳಿಗೂ ಅವಳೇ ಹೋಗಿ ಕಲಿಸಬೇಕೆಂದರು.

"ಹೋಗಿಬರೋಕೆ ಗಾಡಿ ಬೇಕು," ಎಂದಳು ಅವಳು. "ಮತ್ತೆ ಈ ಪಾಠಕ್ಕೆ ಯಂತ್ರದಲ್ಲಿ ನನ್ನ ಹೆಸರಿಡ್ಬೇಕು. ಕಿಡಿ ಗಿಡಿ ಅಲ್ಲ, ಅಮ್ಮ ಇಟ್ಟ ಹೆಸರು."

ಮ್ಯಾನೇಜರು ಒಪ್ಪಿಕೊಂಡು ಅವನ ಕಡೆ ತಿರುಗಿದರು. ಅಕ್ಷರ ಟೈಪು ಮಾಡುವುದಕ್ಕೆ. ಅವನು ಮಾಡಿದ. ಅವಳು ಹಿಂದೆ ನಿಂತು ಒಂದು ಒತ್ತಕ್ಷರ ತಿದ್ದಿಸಿದಳು.

"ನಿಮ್ಮದೂ ಒಳ್ಳೆ ಕೆಲಸ," ಎಂದು ಮ್ಯಾನೇಜರು ಅವನನ್ನು ಬಾಗಿಲವರೆಗೆ ಕರೆದೊಯ್ದರು. "ಮುಂದೆ ಏನು ಅಂದ್ಕೊಂಡಿದ್ದೀರಿ?"

"ಮುಂದೆ ಅಂದ್ರೆ?"

"ಏನಿಲ್ಲ, ಹಾಗೇ ಕೇಳ್ದೆ. ಪ್ರೋಗ್ರಾಂ ಬರೆಯೋದು ಇನ್ನು ಅಷ್ಟಾಗಿ... ನೋಡೋಣ ಬಿಡಿ. ಏನಾದ್ರೂ ಇದ್ದೇ ಇರುತ್ತೆ."

ಇವರೂ ಬೆಳಿಗ್ಗೆ ಕನ್ನಡಿ ನೋಡಿಕೊಂಡೇ ಬಂದಿರಬೇಕು. ಮುಖ ಚೆನ್ನಾಗಿ ಕೂತಿತ್ತು.

ಪಾಳಿ ಬಿಡುವ ಸೈರನ್ ಆಯಿತು. ಕಿಡಿಯಕ್ಕ ಚರ್ಮದ ಕೈಗವಸು ಕಳಚಿ ಮೊಳೆಗೆ ತೂಗುಹಾಕಿದಳು.

"ಸರ್, ನೀವೂ ಒಂದ್ಸಲ ನಡೆಸಿ ನೋಡಿ. ಕಿಡಿ ಹಚ್ಬೇಡಿ, ಸುಮ್ನೆ. ಮಗುವಿನ ಕೈ ಹಿಡಿದ ಹಾಗೇ ಇರುತ್ತೆ," ಎಂದು ಹೊರಟಳು. ಹೊರಗೆ ಅವಳನ್ನು ಯಾರೋ ಅಮ್ಮ ಇಟ್ಟ ಹೆಸರಿಂದ ಕೂಗಿದರು. ಜೋರಾಗಿ ನಗು ಕೇಳಿತು.

ಶೆಡ್ಡು ಖಾಲಿಯಾಯಿತು. ಅವನು ತೋಳನ್ನು ಮೆಲ್ಲಗೆ ಹಿಡಿದ. ಅದು ಇಷ್ಟು ಹಗುರಾಗಿ, ಇಷ್ಟು ನಂಬಿಕೆಯಿಂದ ಬರುತ್ತದೆಂದು ಅಂದುಕೊಂಡಿರಲಿಲ್ಲ. ಕೆಳಗೆ ಬಿದ್ದಿದ್ದ ತುಂಡು ತಗಡುಗಳನ್ನು ಜೋಡಿಸಿಕೊಳ್ಳಬೇಕೆಂದೂ ಹೊಳೆಯಲಿಲ್ಲ. ಬರಿಯ ಮೇಜಿನ ಮೇಲೆ ಒಂದು ಸಾಲು ಎಳೆದ. ಅಂಚು ಎಲ್ಲಿ ಬರುತ್ತದೆಂದು ಊಹಿಸಿಕೊಂಡು ಅಲ್ಲಲ್ಲಿ ನಿಂತ. ನಡುವೆ ಒಮ್ಮೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲ ಕಡೆ ತಿರುಗಿದ. ಆಮೇಲೆ ಮುಗಿಸಿ, ಗುಂಡಿ ಒತ್ತಿ ಹಿಂದೆ ಸರಿದ.

ತೋಳು ಹೊರಟಿತು. ಒಂದನ್ನೂ ಮರೆತಿರಲಿಲ್ಲ. ಬೆರಳಿನ ಅದುರು, ಸೊಟ್ಟ ಸಾಲು, ಅನುಮಾನಿಸಿ ನಿಂತ ಜಾಗಗಳು, ಬಾಗಿಲ ಕಡೆ ತಿರುಗಿದಾಗ ಕೈ ಜಾರಿದ್ದು, ಎಲ್ಲವನ್ನೂ ವಿನಯದಿಂದ ಮಾಡಿತು. ಕೊನೆ ಮುಟ್ಟಿ, ಶುರುವಿಗೆ ಬಂದು, ಮತ್ತೆ ಹೊರಟಿತು.

ನಿಲ್ಲಿಸುವ ಕೆಂಪು ಗುಂಡಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವನು ನೋಡುತ್ತಾ ನಿಂತ. ಮೇಜಿನಿಂದ ಬೆರಳಗಲ ಮೇಲೆ, ಏನನ್ನೂ ಏನಕ್ಕೂ ಕೂಡಿಸದೆ, ತೋಳು ನಡುಗುತ್ತಾ ಹೋಗುತ್ತಿತ್ತು, ಬರುತ್ತಿತ್ತು.